ಹೇತಲ್‌ಬೆನ್ ಅವರ ಡ್ರಾಯರಿನಲ್ಲಿದ್ದ ಹಾಳೆ

2019ರಲ್ಲಿ ನಾನು ವಡೋದರಾದ ಹೊರವಲಯದ ಒಂದು ಔಷಧ ಕಾರ್ಖಾನೆಯಲ್ಲಿ ಕ್ವಾಲಿಟಿ ಕಂಟ್ರೋಲ್ ಲ್ಯಾಬಿನ ಮ್ಯಾನೇಜರ್ ಆಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಕೈಕೆಳಗೆ ಇಪ್ಪತ್ತಾರು ಅನಲಿಸ್ಟರು. ಮಾತ್ರೆಗಳು ಮಾರುಕಟ್ಟೆಗೆ ಹೋಗುವ ಮೊದಲು ಪ್ರತಿ ಬ್ಯಾಚಿನ ಮಾದರಿಯನ್ನು ಪರೀಕ್ಷಿಸಿ, ಸರಿಯಿದೆಯೋ ಇಲ್ಲವೋ ಎಂದು ಬರೆದುಕೊಡುವುದು ನಮ್ಮ ಕೆಲಸ.

ಆ ಬರವಣಿಗೆಗೆ ಕಟ್ಟುನಿಟ್ಟಿನ ನಿಯಮವಿದೆ. ಅಂಕಿಗಳನ್ನು ನಂಬರ್ ಮುದ್ರೆ ಇರುವ ವರ್ಕ್‌ಶೀಟಿನಲ್ಲಿ ಆಗಿಂದಾಗಲೇ ಬರೆಯಬೇಕು. ತಪ್ಪಿದರೆ ಅಳಿಸುವಂತಿಲ್ಲ, ಹಳೆಯ ಅಂಕಿ ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ ಮತ್ತು ತಾರೀಕು ಹಾಕಬೇಕು. ಹಾಳೆಯನ್ನೇ ಬದಲಿಸಿದರೆ ಕೆಲಸ ಹೋದಂತೆಯೇ. ಫೇಲಾದ ಔಷಧವನ್ನು ಪಾಸು ಮಾಡುವ ಕಳ್ಳದಾರಿ ಅದು.

ನಿಯಮವೇನೋ ತಪ್ಪಿಗೆ ಜಾಗ ಕೊಟ್ಟಿತ್ತು. ಕೊಡದವನು ನಾನು. ಬೆಟಗೇರಿಯ ಮಿಷನ್ ಶಾಲೆಯಲ್ಲಿ ಮೇಷ್ಟ್ರಾಗಿದ್ದ ಅಪ್ಪ, ದೇವರಿಗೆಂದು ಮಾಡುವ ಕೆಲಸದಲ್ಲಿ ಒಂದು ಕಲೆಯೂ ಇರಬಾರದು ಎನ್ನುತ್ತಿದ್ದರು. ಅದನ್ನು ನಾನು ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದೆ. ಗೆರೆ ಎಳೆದ ಹಾಳೆ ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ತಿಂಗಳಿಗೊಮ್ಮೆ ಅತ್ಯಂತ ಸ್ವಚ್ಛವಾದ ಹಾಳೆಯ ಪ್ರತಿಯನ್ನು ನೋಟಿಸ್ ಬೋರ್ಡಿಗೆ ಹಾಕಿಸುತ್ತಿದ್ದೆ. ಒಂದು ಹಾಳೆಯಲ್ಲಿ ಎರಡಕ್ಕಿಂತ ಹೆಚ್ಚು ತಿದ್ದುಪಡಿ ಇದ್ದವರು ಸೋಮವಾರದ ಸಭೆಯಲ್ಲಿ ಎದ್ದು ನಿಂತು ಕಾರಣ ಹೇಳಬೇಕಿತ್ತು. ಹೊರಗಿನಿಂದ ತಪಾಸಣೆಗೆ ಬಂದವರು ನಮ್ಮ ಫೈಲುಗಳನ್ನು ಹೊಗಳುವಾಗ ನನಗೆ ಕೋಡು ಮೂಡುತ್ತಿತ್ತು.

ಆ ಜುಲೈನಲ್ಲಿ ಕಾರ್ಖಾನೆಯ ಒಳ ತಪಾಸಣೆಯವರು ಒಂದು ವರ್ಕ್‌ಶೀಟ್ ಹಿಡಿದು ನನ್ನ ಕ್ಯಾಬಿನ್ನಿಗೆ ಬಂದರು. ಮುತ್ತಿನಂಥ ಅಕ್ಷರ, ಒಂದೂ ಗೆರೆಯಿಲ್ಲ. ಆದರೆ ನಂಬರ್ ಮುದ್ರೆಯೂ ಇಲ್ಲ. ಅದು ಖಾಲಿ ಹಾಳೆಯ ಜೆರಾಕ್ಸ್ ಮೇಲೆ ಹೊಸದಾಗಿ ನಕಲು ಮಾಡಿದ್ದು. ಬರೆದವರು ಹೇತಲ್‌ಬೆನ್. ಹನ್ನೊಂದು ವರ್ಷ ನನ್ನ ಜೊತೆ ಕೆಲಸ ಮಾಡಿದ್ದ ಹಿರಿಯ ಅನಲಿಸ್ಟ್, ನೋಟಿಸ್ ಬೋರ್ಡಿನಲ್ಲಿ ಅತಿ ಹೆಚ್ಚು ಸಲ ಕಾಣಿಸಿಕೊಂಡವರು.

ಕರೆಸಿ ಕೇಳಿದೆ. ಆಕೆ ಸುಳ್ಳು ಹೇಳಲಿಲ್ಲ. ಡ್ರಾಯರಿನಿಂದ ಮೂಲ ಹಾಳೆಯನ್ನು ತಂದು ಮೇಜಿನ ಮೇಲಿಟ್ಟರು. ಮೂರು ತಿದ್ದುಪಡಿಗಳು: ಒಂದು ತಪ್ಪು ತಾರೀಕು, ಒಂದು ದಶಮಾಂಶ ಬಿಂದು, ಅದಲುಬದಲಾದ ಎರಡು ತೂಕ. ಫಲಿತಾಂಶ ಎರಡೂ ಹಾಳೆಯಲ್ಲಿ ಒಂದೇ. ಮಾತ್ರೆ ಸರಿಯಾಗಿಯೇ ಇತ್ತು. ಮತ್ತೆ ಇದ್ಯಾಕೆ ಎಂದು ಗದರಿದೆ. ಆಕೆ ನೆಲ ನೋಡುತ್ತಾ ಹಿಂದಿಯಲ್ಲಿ ಹೇಳಿದರು:

“ಹನ್ನೊಂದು ವರ್ಷದಲ್ಲಿ ನಾನು ಸೋಮವಾರ ಒಮ್ಮೆಯೂ ಎದ್ದು ನಿಂತಿಲ್ಲ, ಸರ್.”

ನನ್ನ ಮನಸ್ಸು ಕರಗಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಶನಿವಾರ ಸಂಜೆ ವಿಚಾರಣಾ ಸಮಿತಿಗೆ ವರದಿ ಬರೆದೆ: ಉದ್ದೇಶಪೂರ್ವಕ ಕೃತ್ಯ, ವಜಾ ಮಾಡಬೇಕು. ದಾಖಲೆ ಬದಲಿಸಿದ ಆರೋಪದ ಮೇಲೆ ಹೊರಬಿದ್ದವರನ್ನು ಬೇರಾವ ಔಷಧ ಕಂಪನಿಯೂ ಸೇರಿಸುವುದಿಲ್ಲ. ಆಕೆಗೆ ಬೇರೆ ಕಸುಬು ಗೊತ್ತಿಲ್ಲ ಎಂಬುದೂ ನನಗೆ ತಿಳಿದಿತ್ತು.

ಫತೇಗಂಜಿನ ನಮ್ಮ ಮನೆಯಲ್ಲಿ ಚಹಾ ಕುಡಿಯುತ್ತಾ ಹೆಂಡತಿ ಸುಶೀಲಾಗೆ ಎಲ್ಲವನ್ನೂ ಹೇಳಿದೆ. ಅವಳು ಹುಬ್ಬಳ್ಳಿಯವಳು, ಮೂವತ್ತು ವರ್ಷ ಗುಜರಾತಿನಲ್ಲಿದ್ದರೂ ಮಾತು ಮೆತ್ತಗಾಗಿಲ್ಲ.

“ಆಕಿ ಯಾರಿಗೆ ಅಂಜಿ ಆ ಹಾಳಿ ಮುಚ್ಚಿಟ್ಲು? ನಿಮಗ ಅಂಜಿ” ಎಂದಳು. ಚಹಾದ ಲೋಟ ಕೆಳಗಿಟ್ಟು, “ನಾನೂ ಮುಚ್ಚಿಟ್ಟೀನ್ರಿ. ನಿಮ್ಮ ಅವ್ವನ ಗಾಜಿನ ಬಟ್ಟಲ ನನ್ನ ಕೈಯಾಗ ಒಡದು ಹದಿನಾಲ್ಕ ವರ್ಷ ಆತು. ಈಗ ಇರೋದು ಅಂಥದ್ದ ಹುಡುಕಿ ತಂದಿಟ್ಟದ್ದು” ಎಂದಳು.

ಅಷ್ಟೂ ವರ್ಷ ಪ್ರತಿ ಕ್ರಿಸ್‌ಮಸ್‌ಗೆ ಅವ್ವನನ್ನು ನೆನೆಯುತ್ತಾ ಅದರಲ್ಲಿ ಪಾಯಸ ತಿಂದಿದ್ದೆ. ನಗು ಬರಬೇಕಿತ್ತು, ಬರಲಿಲ್ಲ. ನನ್ನ ಜೊತೆ ಬಾಳುವವಳೇ ಒಂದು ಬಟ್ಟಲಿಗೆ ಇಷ್ಟು ಹೆದರಿದ್ದಳು ಎಂದು ತಿಳಿದು ನಾಚಿಕೆಯಾಯಿತು.

ಮರುದಿನ ಚರ್ಚಿನಲ್ಲಿ ಎಲ್ಲರೊಡನೆ ಎದ್ದು ನಿಂತು ಕರ್ತನು ಕಲಿಸಿದ ಪ್ರಾರ್ಥನೆ ಹೇಳುತ್ತಿದ್ದೆ. ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ ನಮ್ಮ ತಪ್ಪುಗಳನ್ನು ಕ್ಷಮಿಸು ಎಂಬ ಸಾಲು ಬಂದಾಗ, ಹಿಂದಿನ ಸಂಜೆ ಬರೆದ ವರದಿ ನೆನಪಾಯಿತು. ಚಿಕ್ಕಂದಿನಿಂದ ಬಾಯಿಪಾಠವಾದ ಸಾಲು. ಪ್ರತಿ ಭಾನುವಾರ ದೇವರ ಕೃಪೆಯನ್ನು ಪುಕ್ಕಟೆಯಾಗಿ ಪಡೆದುಕೊಂಡು, ಸೋಮವಾರ ಬೆಳಿಗ್ಗೆ ಇಪ್ಪತ್ತಾರು ಜನರ ಮುಂದೆ ನ್ಯಾಯಾಧೀಶನಾಗಿ ಕೂರುತ್ತಿದ್ದೆನಲ್ಲ! ಅಪ್ಪ ಹೇಳಿದ ಕಲೆ ಹಾಳೆಯ ಮೇಲೆ ಇರಲಿಲ್ಲ, ನನ್ನೊಳಗೇ ಇತ್ತು. ಆ ದಿನ ನಾನು ಕಣ್ಣು ಒರೆಸಿಕೊಂಡದ್ದನ್ನು ಸುಶೀಲಾ ನೋಡಿಯೂ ನೋಡದವಳಂತೆ ಇದ್ದಳು.

ಸೋಮವಾರ ಸಮಿತಿಯ ಮುಂದೆ ವಜಾ ಶಿಫಾರಸನ್ನು ಹಿಂತೆಗೆದುಕೊಂಡೆ. ಹಾಳೆ ಬದಲಿಸಿದ್ದು ತಪ್ಪು. ಆದರೆ ಬದಲಿಸುವಂತೆ ಮಾಡಿದ ಭಯ ನಾನು ತಂದ ಪದ್ಧತಿಯಿಂದ ಹುಟ್ಟಿದ್ದು ಎಂದು ಬರೆದುಕೊಟ್ಟೆ. ಸಮಿತಿಯಲ್ಲಿದ್ದ ಕ್ವಾಲಿಟಿ ಮುಖ್ಯಸ್ಥರು, ನಾಳೆ ಎಲ್ಲರೂ ಭಯದ ನೆಪ ಹೇಳಿದರೆ ಏನು ಮಾಡುತ್ತೀರಿ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ರೋಗಿಯ ಜೀವದ ವಿಷಯದಲ್ಲಿ ಸಡಿಲಿಕೆ ಬೇಡ, ಬ್ಯಾಚನ್ನು ಮತ್ತೆ ಪರೀಕ್ಷಿಸೋಣ, ಆಕೆಯ ಹಳೆಯ ಹಾಳೆಗಳನ್ನೂ ನೋಡೋಣ. ಆದರೆ ಶಿಕ್ಷೆಯಲ್ಲಿ ನನ್ನ ಪಾಲು ನನಗಿರಲಿ ಎಂದೆ.

ಎಲ್ಲವನ್ನೂ ಪರೀಕ್ಷಿಸಲು ಮೂರು ವಾರ ಹಿಡಿಯಿತು. ಬ್ಯಾಚ್ ಸರಿಯಿತ್ತು, ಹಳೆಯ ಹಾಳೆಗಳಲ್ಲಿ ಬೇರೆ ದೋಷ ಸಿಗಲಿಲ್ಲ. ಹೇತಲ್‌ಬೆನ್‌ಗೆ ಲಿಖಿತ ಎಚ್ಚರಿಕೆ, ಮರುತರಬೇತಿ, ಆರು ತಿಂಗಳು ಸ್ವತಂತ್ರವಾಗಿ ಪರೀಕ್ಷೆ ಮಾಡುವಂತಿಲ್ಲ ಎಂಬ ಆದೇಶ ಬಂತು. ಕೆಲಸ ಉಳಿಯಿತು. ನನ್ನ ಸರ್ವಿಸ್ ಫೈಲಿಗೂ ಒಂದು ಟಿಪ್ಪಣಿ ಸೇರಿತು. ನಿವೃತ್ತಿಯ ನಂತರ ಸಲಹೆಗಾರನಾಗಿ ಮುಂದುವರಿಸುತ್ತಾರೆ ಎಂಬ ಮಾತು ಅಲ್ಲಿಗೇ ನಿಂತಿತು. ಸ್ವಲ್ಪ ದಿನ ಬೇಜಾರಾದದ್ದು ನಿಜ.

ನೋಟಿಸ್ ಬೋರ್ಡ್ ಖಾಲಿ ಮಾಡಿಸಿದೆ. ಮುಂದಿನ ಸಭೆಯಲ್ಲಿ ಯಾರನ್ನೂ ಎಬ್ಬಿಸದೆ ನಾನೇ ಎದ್ದು ನಿಂತು, ನನ್ನ ಪದ್ಧತಿ ತಪ್ಪಾಗಿತ್ತು, ಕ್ಷಮಿಸಿ ಎಂದೆ. ಯಾರೂ ನಂಬಲಿಲ್ಲ. ಎರಡು ವಾರ ಕಳೆದ ಮೇಲೆ ಒಬ್ಬ ಅನಲಿಸ್ಟ್ ತಾನಾಗಿ ಬಂದು, ದ್ರಾವಣದ ಅಳತೆ ತಪ್ಪಿರಬಹುದು, ಇನ್ನೊಮ್ಮೆ ಮಾಡುತ್ತೇನೆ ಎಂದ. ನಿಜವಾಗಿಯೂ ತಪ್ಪಿತ್ತು. ಮೊದಲಿನ ನನ್ನ ಲ್ಯಾಬಿನಲ್ಲಾಗಿದ್ದರೆ ಅದು ಸ್ವಚ್ಛ ಅಕ್ಷರದಲ್ಲಿ ಪಾಸಾಗಿ ಹೋಗುತ್ತಿತ್ತೇನೋ.

ತಪ್ಪು ಮಾಡಿದವರು ಹೆದರದೆ ಬಂದು ಹೇಳುವಂತಿರಬೇಕು. ಮೇಲಿನವನ ಮೊದಲ ಕೆಲಸ ಅದು ಎಂಬುದನ್ನು ಕಲಿಯಲು ನನಗೆ ಮೂವತ್ತನಾಲ್ಕು ವರ್ಷದ ಸರ್ವಿಸ್ ಬೇಕಾಯಿತು. ಆರು ತಿಂಗಳ ನಂತರ ಹೇತಲ್‌ಬೆನ್ ತಮ್ಮ ಮೊದಲ ಹಾಳೆಯನ್ನು ಸಹಿಗೆ ತಂದರು. ನಾಲ್ಕು ತಿದ್ದುಪಡಿಗಳಿದ್ದವು. ಆಕೆ ಅವನ್ನು ಒಂದೊಂದಾಗಿ ಬೆರಳಿಟ್ಟು ತೋರಿಸಿದರು, ಧ್ವನಿ ನಡುಗಲಿಲ್ಲ. ನಾನು ಸಹಿ ಹಾಕಿದೆ. ಅವರು ಹೋದ ಮೇಲೆ ಬಾಗಿಲು ಹಾಕಿಕೊಂಡು, ಕೂತಲ್ಲೇ ದೇವರಿಗೆ ಸ್ತೋತ್ರ ಹೇಳಿದೆ.