ಫೋರ್ಕಿಗೆ ಬಿದ್ದ ಕೀಲೆಣ್ಣೆ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕುಳಿತು, ಕನ್ನಡಕ ಒರೆಸಿಕೊಂಡು, ಬೇರೇನನ್ನೋ ಬರೆದು ಎದ್ದುಬಿಟ್ಟಿದ್ದೇನೆ. ಮರೆತಿದ್ದರಿಂದಲ್ಲ, ನಾಚಿಕೆಯಿಂದ. ಈಗ ಮುಂದೂಡುವಷ್ಟು ವಯಸ್ಸು ಉಳಿದಿಲ್ಲ.

ಐವತ್ತರ ದಶಕದಲ್ಲಿ ನಾನು ಹುಣಸೂರಿನ ಒಂದು ಮರದ ಡಿಪೋದಲ್ಲಿ ರೈಟರ್ ಆಗಿದ್ದೆ. ಹೈಸ್ಕೂಲು ಮುಗಿಸಿದ್ದಕ್ಕೆ ಸಿಕ್ಕ ಕೆಲಸ. ಹನಗೋಡು, ವೀರನಹೊಸಹಳ್ಳಿ ಕಡೆಗೆ ಹೋಗಿ ದಿಮ್ಮಿಗಳ ಅಳತೆ ಬರೆದುಕೊಂಡು ಬರಬೇಕಿತ್ತು. ಅದಕ್ಕೆಂದು ಕೊಡಗಿನ ತೋಟದವರೊಬ್ಬರಿಂದ ಯುದ್ಧಕಾಲದ ಹಳೆಯ ಮೋಟಾರ್ ಸೈಕಲ್ ಕೊಂಡಿದ್ದೆ. ಎಂಜಿನ್ ಗಟ್ಟಿಯಾಗಿತ್ತು. ಮುಂದಿನ ಚಕ್ರ ಹಿಡಿದಿರುವ ಫೋರ್ಕು ಮಾತ್ರ ಕುಸಿದಿತ್ತು. ನಾನು ಹತ್ತಿದರೆ ಸಾಕು, ಮುಂಭಾಗ ತಗ್ಗುತ್ತಿತ್ತು. ಹಳ್ಳ ಸಿಕ್ಕಿದಾಗಲೆಲ್ಲ ಕಬ್ಬಿಣಕ್ಕೆ ಕಬ್ಬಿಣ ಬಡಿದು ಮೊಣಕೈವರೆಗೆ ಜುಮ್ಮೆನ್ನುತ್ತಿತ್ತು.

"ರೈಟ್ರೇ, ನಿಮ್ ಬಸವ ಮಂಡಿ ಊರ್ಬುಟ್ಟವ್ನೆ. ಲಾಳ ಕಟ್ಸಿ ನೋಡ್ರಿ," ಎಂದು ಡಿಪೋದ ಗಾಡಿಯವರು ನಗುತ್ತಿದ್ದರು.

ಮೈಸೂರಿನಲ್ಲಿ ವಿಚಾರಿಸಿದರೆ, ಒಳಗಿನ ಸ್ಪ್ರಿಂಗು ಸೋತಿದೆ, ಹೊಸದು ಹಡಗಿನಲ್ಲೇ ಬರಬೇಕು ಎಂದರು.

ಡಿಪೋದ ಹಿಂದಿನ ಬೀದಿಯಲ್ಲಿ ಮಂಚದ ಕಾಲು, ತೊಟ್ಟಿಲಿನ ಕಂಬ ಕಡೆಯುವ ಸಾಬರೊಬ್ಬರಿದ್ದರು. ಉಳಿ ಹಿಡಿಯುವುದು ಅವರ ಕೆಲಸ. ಮರ ತಿರುಗಬೇಕಾದರೆ ಅದಕ್ಕೆ ಸುತ್ತಿದ ಹಗ್ಗವನ್ನು ಇನ್ನೊಬ್ಬರು ಅತ್ತ ಇತ್ತ ಎಳೆಯುತ್ತಿರಬೇಕು. ಎಳೆಯುತ್ತಿದ್ದವರು ಅವರ ಹೆಂಡತಿ, ಗೋಣಿತಟ್ಟಿನ ಪರದೆಯ ಆಚೆ ಕುಳಿತು. ಪರದೆಯ ಸಂದಿಯಲ್ಲಿ ನನಗೆ ಕಾಣುತ್ತಿದ್ದದ್ದು ಎರಡು ಕೈ, ಹಸಿರು ಗಾಜಿನ ಬಳೆ, ಅಷ್ಟೇ.

ಬೇರೆ ದಾರಿ ಕಾಣದೆ ಗಾಡಿಯನ್ನು ಅವರ ಬಳಿಗೇ ತಳ್ಳಿಕೊಂಡು ಹೋದೆ. ಸಾಬರು ಮೋಟಾರು ಮುಟ್ಟಿದವರೇ ಅಲ್ಲ. ಆದರೂ ಎಂಜಿನ್ ಕೆಳಗೆ ದಿಮ್ಮಿ ಕೊಟ್ಟು ಮುಂದಿನ ಚಕ್ರ ಎತ್ತಿಸಿದರು. ಫೋರ್ಕಿನ ಎರಡೂ ಕೊಳವೆಗಳ ತಲೆ ಬಿಚ್ಚಿಸಿ, ಸ್ಪ್ರಿಂಗು ಹೊರಗೆಳೆದು ಅಂಗೈ ಮೇಲಿಟ್ಟು ನೋಡಿದರು.

"ಸತ್ತಿಲ್ಲ ಕಣ್ರೀ, ಸುಸ್ತಾಗ್ಯದೆ ಅಷ್ಟೇಯ. ತಲೆ ಮ್ಯಾಲೆ ಒಂದು ತುಂಡು ಮರ ಒತ್ತಿ ಕೂರ್ಸಿದ್ರೆ ಎದ್ದು ನಿಲ್ತದೆ."

ಗಾಡಿಚಕ್ರಕ್ಕೆ ಬಳಸುವ ಕರಿಜಾಲಿಯಲ್ಲಿ ಎರಡು ಬೆರಳುದ್ದದ ಎರಡು ಬಿಲ್ಲೆ ಕಡೆದರು. ಅಂದು ಮಧ್ಯಾಹ್ನವೆಲ್ಲ ಹಗ್ಗ ಸರಿದಾಡುವ ಸದ್ದು, ಬಳೆಯ ಸದ್ದು. ಎರಡು ಬಿಲ್ಲೆಗೂ ಕೂದಲೆಳೆಯಷ್ಟು ವ್ಯತ್ಯಾಸವಿರಲಿಲ್ಲ. ಸ್ಪ್ರಿಂಗಿನ ಮೇಲೆ ಅವನ್ನಿಟ್ಟು, ತೆಳುವಾದ ಮೋಟಾರು ಎಣ್ಣೆ ಹೊಯ್ದು ಬಿಗಿದೆವು. ನನ್ನ ಬಸವ ತಲೆಯೆತ್ತಿ ನಿಂತ. ಹನಗೋಡಿನ ರಸ್ತೆಯಲ್ಲಿ ಲಕ್ಷ್ಮಣತೀರ್ಥದ ಕಡೆಗೆ ಇಳಿಯುವಾಗ ನೀರಿನ ಮೇಲೆ ಹೋದ ಹಾಗಿತ್ತು. ಅಂಥ ಸುಖವನ್ನು ಆಮೇಲೆ ಕಾರಿನಲ್ಲಿ ಕೂತೂ ಕಂಡಿಲ್ಲ.

ಸುದ್ದಿ ಪಿರಿಯಾಪಟ್ಟಣದ ಬಸ್ ಮಾಲೀಕರವರೆಗೂ ಹೋಯಿತು. ಆಗ ಬಸ್ಸಿನ ಮೈಕಟ್ಟೆಲ್ಲ ಮರದ್ದೇ. ಅದನ್ನು ಕಟ್ಟಲು ಮೋಟಾರಿನ ಕುಲುಕಾಟ ಬಲ್ಲ ಆಸಾಮಿ ಬೇಕು, ಆ ಫೋರ್ಕು ತೋರಿಸಲಿ ಎಂದು ಹೇಳಿ ಕಳಿಸಿದರು.

"ಬಸ್ಸಿನ ಕೆಲ್ಸ ಸಿಕ್ರೆ ಈ ಹಗ್ಗ ಸುಟ್ಟಾಕ್ತೀನಿ," ಎಂದರು ಸಾಬರು, ಪರದೆಗೂ ಕೇಳುವ ಹಾಗೆ. "ಎಳ್ದು ಎಳ್ದು ಅವಳ ಹೆಗಲೇ ಹೋಗ್ಯದೆ."

"ಮೊದ್ಲು ಸಿಗಲಿ. ಆಮ್ಯಾಕೆ ಸುಡೋರಂತೆ," ಎಂದಿತು ಪರದೆ. ಆ ದನಿ ನಗುತ್ತಿತ್ತು.

ಹೋಗುವ ಹಿಂದಿನ ದಿನ ಫೋರ್ಕಿನಲ್ಲಿ ಸಣ್ಣಗೆ ಕಿರ್ ಎಂದಂತಾಯಿತು. ನಮ್ಮ ಕಡೆ ಗಾಡಿ ಕಿರ್ ಎಂದರೆ ಮದ್ದು ಒಂದೇ, ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿದ ಕೀಲೆಣ್ಣೆ. ನಾನು ಹುಟ್ಟಿದ್ದೇ ಗಾಡಿ ಇದ್ದ ಮನೆಯಲ್ಲಿ. ಸಾಬರನ್ನು ಕೇಳದೆ ಎರಡೂ ಕೊಳವೆಗೆ ಒಂದೊಂದು ಬಿದಿರುಗೊಟ್ಟದಷ್ಟು ಕೀಲೆಣ್ಣೆ ಸುರಿದೆ. ಮಂದ ಇದ್ದಷ್ಟೂ ಮೆತ್ತಗಾದೀತು ಎಂದುಕೊಂಡೆ.

ಮಾಗಿಯ ಬೆಳಗು. ಸಾಬರು ಹೊಸ ಟೋಪಿ ಹಾಕಿಕೊಂಡು ನನ್ನ ಹಿಂದೆ ಕುಳಿತಿದ್ದರು. ಚಳಿಗೆ ಕೀಲೆಣ್ಣೆ ಗಟ್ಟಿಯಾಗಿ, ಅದರ ಕರಿ, ಎಣ್ಣೆ ಓಡಾಡುವ ಒಳಗಿನ ಸಣ್ಣ ತೂತುಗಳಿಗೆ ಮೆತ್ತಿಕೊಂಡಿತ್ತು. ಒಂದೊಂದು ಹಳ್ಳಕ್ಕೂ ಫೋರ್ಕು ಇಳಿಯುವುದೇ ಹೊರತು ಏಳಲೊಲ್ಲದು. ಪಿರಿಯಾಪಟ್ಟಣ ಸೇರುವಷ್ಟರಲ್ಲಿ ಬಸವ ಪೂರ್ತಿ ಮಂಡಿಯೂರಿದ್ದ. ಮಾಲೀಕರು ಹ್ಯಾಂಡಲ್ ಹಿಡಿದು ಅಲ್ಲಾಡಿಸಿದರು.

"ಇದೇನ್ ಸಾಬ್ರೇ, ಕೂತ್ಕಂಡದ್ದು ಏಳಾಕೇ ಒಲ್ಲದು. ನಮ್ ಬಸ್ಸೂ ಇಂಗೇ ಕೂತ್ಕಂಡ್ರೆ ಪ್ಯಾಸೆಂಜರ್‌ನ ನೀವು ಹೊತ್ಕಂಡ್ ಹೋಯ್ತೀರಾ?"

ಸಾಬರು ನನ್ನ ಮುಖ ನೋಡಿದರು. ಕೀಲೆಣ್ಣೆಯ ಮಾತು ನಾಲಿಗೆಯ ತುದಿಯಲ್ಲಿತ್ತು. ನಾನು ಹೇಳಿದ್ದು, "ಮರದ ಕೆಲ್ಸ ಅಲ್ವಾ, ಎಷ್ಟು ದಿನ ತಡ್ದಾತು" ಎಂದು.

ಮಾಲೀಕರು ಮೈಸೂರಿನಿಂದ ಬೇರೆಯವರನ್ನು ಕರೆಸಿಕೊಂಡರು.

ಹುಣಸೂರಿಗೆ ಬಂದವರೇ ಸಾಬರು ಫೋರ್ಕು ಬಿಚ್ಚಿದರು. ಬೆರಳಿಗೆ ಕರಿ ಅಂಟಿತು. ಮೂಸಿ ನೋಡಿ, ಕೊಳವೆಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಅದೇ ಬಿಲ್ಲೆಗಳನ್ನು ಮತ್ತೆ ಕೂರಿಸಿಕೊಟ್ಟರು. ಆ ಗಾಡಿಯನ್ನು ಮಾರುವವರೆಗೂ ಅವು ಅಲುಗಲಿಲ್ಲ.

ಕೆಲವು ವರ್ಷಗಳ ನಂತರ ನನ್ನ ಮೊದಲ ಮಗುವಿಗೆ ತೊಟ್ಟಿಲು ಮಾಡಿಸಲು ಹೋದಾಗ ತಡೆಯಲಾರದೆ ಸಾಬರ ಮುಂದೆ ತಪ್ಪೊಪ್ಪಿಕೊಂಡೆ. ಅವರು ಉಳಿ ನಿಲ್ಲಿಸಲಿಲ್ಲ.

"ಅವತ್ತೇ ಮೂಗಿಗೆ ಹೊಡೆದಿತ್ತು ಬುಡ್ರಿ. ಕಂಬಕ್ಕೆ ಗಿಣಿ ಬೇಕಾ, ಹೂವ ಬೇಕಾ?"

ಗಿಣಿ ಎಂದೆ. ಮನಸ್ಸು ಹಗುರಾಯಿತು, ಬೆಲ್ಲದ ಕಾಫಿ ಕುಡಿದು, ನಗುನಗುತ್ತಾ ಮನೆಗೆ ಬಂದೆ. ಆ ತೊಟ್ಟಿಲಲ್ಲಿ ನನ್ನ ಮೊಮ್ಮಕ್ಕಳೂ ಮಲಗಿದ್ದಾರೆ. ತೂಗುವಾಗ ಎಷ್ಟೋ ವರ್ಷ ನನಗೆ ಹಿತವೇ ಅನಿಸಿತ್ತು.

ಈಚೆಗೆ ತೂಗುವಾಗ ಬೇರೆಯದು ನೆನಪಾಗುತ್ತದೆ. ನಾನು ತಪ್ಪೊಪ್ಪಿಕೊಳ್ಳುತ್ತಿದ್ದಾಗಲೂ ಮರ ತಿರುಗುತ್ತಲೇ ಇತ್ತು. ಹಗ್ಗ ಸುಟ್ಟಿರಲಿಲ್ಲ. ಪರದೆಯ ಸಂದಿಯಲ್ಲಿ ಒಂದು ಕೈ ಎಳೆಯುತ್ತಿತ್ತು, ಇನ್ನೊಂದು ಆಗಾಗ ಹಗ್ಗ ಬಿಟ್ಟು ಹೆಗಲು ಹಿಡಿದುಕೊಳ್ಳುತ್ತಿತ್ತು. ನಾನು ಕ್ಷಮೆ ಕೇಳದೇ ಹೋದದ್ದು ಅವರನ್ನು, ಹಗ್ಗ ಎಳೆಯುತ್ತಿದ್ದ ಸಾಬರ ಹೆಂಡತಿಯನ್ನು.