ಜೋಳದ ಸೇರಿನಲ್ಲಿ ನಿಂತ ಉಳಿ

ಫೋನು ಬಂದಾಗ ನಾನು ಹಿತ್ತಲ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದೆ. ಕಂಪ್ಲಿಯಿಂದ, ನಮಗೆ ಉಳಿ ಮಾಡಿಕೊಡುವ ಕಾಳಪ್ಪಜ್ಜನ ಸೊಸೆ ಮಾತಾಡಿದಳು. "ಅಕ್ಕಾ, ಮಾವ ಬೆಳಗಿನ ಜಾವ ತೀರಿಕೊಂಡ್ರು" ಎಂದಳು. ಅಜ್ಜ ಬೆಳಗಿನ ಬಸ್ಸಿಗೆ ನಮ್ಮ ಮನೆಗೇ ಬರಬೇಕಾಗಿತ್ತು. ಅವರಿಗೆಂದು ಇದ್ದಿಲ ಒಲೆ ಹೊತ್ತಿಸಿ, ಮಜ್ಜಿಗೆಗೆ ಉಪ್ಪು ಹಾಕಿ ಇಟ್ಟಿದ್ದೆ. ಕೈಯಲ್ಲಿದ್ದ ಮೊರವನ್ನು ಹಾಗೇ ಕೆಳಗಿಟ್ಟೆ.

ಓದುವವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸತ್ತವರು ಕಂಡರು, ಮಾತಾಡಿದರು ಎನ್ನುವವರನ್ನು ನಾನು ಯಾವತ್ತೂ ನಂಬಿದವಳಲ್ಲ. ದಿನಾ ದೀಪ ಹಚ್ಚುತ್ತೇನೆ, ಸೋಮವಾರ ಒಪ್ಪೊತ್ತು ಮಾಡುತ್ತೇನೆ, ಅನುಕೂಲವಾದ ಹುಣ್ಣಿಮೆಗೆ ಹಂಪಿಗೆ ಹೋಗಿ ವಿರೂಪಾಕ್ಷನಿಗೆ ಕೈಮುಗಿದು ಬರುತ್ತೇನೆ. ದೇವರನ್ನು ನಂಬಿದ ಮೇಲೆ ದೆವ್ವವನ್ನೂ ನಂಬುವ ಅಗತ್ಯವಿಲ್ಲ ಎಂಬುದು ನನ್ನ ತಿಳಿವಳಿಕೆ. ನಮ್ಮತ್ತೆ ಅಂಥ ಕಥೆ ಶುರು ಮಾಡಿದರೆ ನಾನೆದ್ದು ಹೋಗಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಅಂಥವಳ ಮನೆಯ ಹಿತ್ತಲಲ್ಲಿ ಇದು ನಡೆಯಿತು. ಅದೂ ಹಾಡುಹಗಲಲ್ಲಿ.

ನಮ್ಮ ಮನೆಯವರದು ಕೈಕೆತ್ತನೆಯ ಕೆಲಸ. ಹೊಸಪೇಟೆಯ ಪಾತ್ರೆ ಅಂಗಡಿಗಳ ಮುಂದೆ ಕೂತು ಕೊಡ, ತಂಬಿಗೆಗಳ ಮೇಲೆ ಹೆಸರು ಕೊರೆಯುವುದರಿಂದ ಹಿಡಿದು ದೇವರ ಬೆಳ್ಳಿ ಮುಖದವರೆಗೆ ಎಲ್ಲ ಮಾಡುತ್ತಾರೆ. ನಮ್ಮೂರಲ್ಲಿ, ಹಂಪಿ ಬಜಾರಿನಲ್ಲಿ, ಸಂಡೂರಲ್ಲಿ ಇದೇ ಕೆಲಸದವರು ಇನ್ನೂ ಕೆಲವರಿದ್ದರು. ಅವರವರಲ್ಲಿ ಮಾತುಕತೆ ಇರಲಿ ಬಿಡಲಿ, ಎಲ್ಲರ ಡಬ್ಬಿಯಲ್ಲೂ ಇರುತ್ತಿದ್ದದ್ದು ಕಾಳಪ್ಪಜ್ಜನ ಉಳಿಗಳೇ. ಅದು ಗಣಿಯ ಕಾಲ. ಕೆಂಪು ಧೂಳೆಬ್ಬಿಸುತ್ತ ಹಗಲೂ ರಾತ್ರಿ ಅದಿರಿನ ಲಾರಿಗಳು ಓಡುತ್ತಿದ್ದವು. ಆ ಲಾರಿಗಳ ಮುರಿದ ಪಾಟಾಗಳನ್ನು, ಅಂದರೆ ಸ್ಪ್ರಿಂಗ್ ಪಟ್ಟಿಗಳನ್ನು, ಗ್ಯಾರೇಜುಗಳಿಂದ ಆರಿಸಿ ತಂದು ಅಜ್ಜ ಬೆರಳುದ್ದದ ಉಳಿ ಮಾಡುತ್ತಿದ್ದರು. "ಎಲ್ಲಾರೂ ಗುಡ್ಡ ಅಗೀತಾರ, ನಾ ಅವರ ಲಾರಿ ಅಗಿಯಾಕತ್ತೀನಿ ನೋಡಮ್ಮಾ" ಎಂದು ಬೊಚ್ಚುಬಾಯಿ ಬಿಟ್ಟು ನಗುತ್ತಿದ್ದರು.

ಉಳಿಗೆ ರೂಪ ಬಂದರೆ ಸಾಲದು, ಹದ ಬರಬೇಕು. ಹದ ಹೆಚ್ಚಾದರೆ ತುದಿ ಮುರಿಯುತ್ತದೆ, ಕಡಿಮೆಯಾದರೆ ಬಾಗುತ್ತದೆ. ಸಣ್ಣ ಉಳಿಗಳಿಗೆ ಅಜ್ಜ ನಮ್ಮ ಹಿತ್ತಲ ಇದ್ದಿಲ ಒಲೆಯಲ್ಲೇ ಹದ ಕೊಡುತ್ತಿದ್ದರು. ಊದುಗೊಳವೆ ಹಿಡಿದು ಊದುವುದು ನನ್ನ ಪಾಲಿನ ಕೆಲಸ. ಕೆಂಪಗೆ ಕಾಯಿಸಿ ಕುಸುಬೆ ಎಣ್ಣೆಯಲ್ಲಿ ಅದ್ದುವರು, ತುದಿಯನ್ನು ತಿಕ್ಕಿ ಬೆಳ್ಳಗೆ ಮಾಡುವರು, ಮತ್ತೆ ಕೆಂಡದ ಅಂಚಿಗೆ ಹಿಡಿಯುವರು. ಆಗ ಆ ತುದಿಗೆ ಒಂದು ಬಣ್ಣ ಓಡಿ ಬರುತ್ತದಂತೆ, ಒಣಗಿದ ಜೋಳದ ದಂಟಿನ ಬಣ್ಣ. ಆ ಗಳಿಗೆಗೇ ತೆಗೆದು ಎಣ್ಣೆಗೆ ಹಾಕಬೇಕು. "ಕಂಡ್ತೇನಮ್ಮಾ?" ಎನ್ನುವರು. "ಎಲ್ಲೈತಿ ಅಜ್ಜಾ?" ಎನ್ನುವೆ. "ಬಂದಿತ್ತು, ಹೋತು. ಕಣ್ಣು ಪಿಳುಕಿಸಿದಿ ನೀನು" ಎಂದು ಬೈಯುವರು. ಎಷ್ಟು ವರ್ಷ ಅವರ ಪಕ್ಕದಲ್ಲಿ ಕೂತು ಊದಿದರೂ ನನಗೆ ಆ ಬಣ್ಣ ಒಂದು ಸಲವೂ ಕಂಡಿರಲಿಲ್ಲ.

ಕೊನೆಗೆ ತುದಿಯನ್ನು ಮಸೆದು, ಎಡ ಹೆಬ್ಬೆರಳಿನ ಉಗುರ ಮೇಲೆ ಮೆಲ್ಲಗೆ ಊರಿ ನೋಡುವರು. ಜಾರಿದರೆ ಮೊಂಡು, ಕಚ್ಚಿದರೆ ಚೂಪು. ಅವರ ಆ ಉಗುರಿನ ತುಂಬ ಗೀರುಗಳೇ. ಆಮೇಲೆ ನನ್ನಿಂದ ಒಂದು ಸೇರು ಜೋಳ ತರಿಸಿ, ಅದರಲ್ಲಿ ಉಳಿಯನ್ನು ತುದಿ ಮೇಲಾಗಿ ನಿಲ್ಲಿಸುವರು. "ಈಗ ಹುಟ್ಟಿದ ಕೂಸು ಇದು, ಕಾಳಿನಾಗ ಸ್ವಲ್ಪ ಹೊತ್ತು ಇರಲಿ" ಎನ್ನುವರು. ಇದು ಅವರದೇ ಪದ್ಧತಿ. ಬೇರೆ ಯಾರೂ ಹೀಗೆ ಮಾಡಿದ್ದನ್ನು ನಾನು ನೋಡಿಲ್ಲ.

ಫೋನು ಬಂದ ದಿನ ಮನೆಯಲ್ಲಿ ಒಂದು ದೇವಿಯ ಬೆಳ್ಳಿ ಮುಖವಿತ್ತು. ಮರಿಯಮ್ಮನಹಳ್ಳಿಯಿಂದ ಆಚೆ, ಲಾರಿ ರಸ್ತೆಗೆ ಅಂಟಿಕೊಂಡ ಒಂದು ಸಣ್ಣ ಊರಿನ ಹೆಣ್ಣುಮಕ್ಕಳು ಮಾಡಿಸಿದ್ದು. ತೀರಿಹೋದ ತಾಯಂದಿರ ಕಾಲುಂಗುರಗಳನ್ನು ಕೂಡಿಸಿ ತಂದಿದ್ದರು. ಅವರಲ್ಲಿ ಮುಂದಾಳಾದ ಹನುಮಕ್ಕ ತಂದದ್ದು ಮಾತ್ರ ಸಣ್ಣ ಕಾಲ್ಗೆಜ್ಜೆ. ಅವಳ ಮಗಳದು. ಆ ಮಗು ರಸ್ತೆ ದಾಟುವಾಗ ಲಾರಿಗೆ ಸಿಕ್ಕಿತ್ತು. "ಕಣ್ಣು ದೊಡ್ಡಾವು ಮಾಡ್ರಿ ಅಣ್ಣಾ, ರಸ್ತಿ ಪೂರಾ ಕಾಣಬೇಕು ಅವ್ವಗ" ಎಂದಿದ್ದಳು.

ದೇವಿಯ ಕಣ್ಣು ತೆರೆಯುವುದಕ್ಕೆ ಒಂದು ಕಟ್ಟಳೆ ಇದೆ. ಒಂದು ಕಣ್ಣು ತೆರೆದರೆ ಇನ್ನೊಂದನ್ನು ಅದೇ ದಿನ ದೀಪ ಹಚ್ಚುವ ಹೊತ್ತಿನೊಳಗೆ ತೆರೆಯಬೇಕು. ಇಲ್ಲವಾದರೆ ಆ ಮುಖ ಪೂಜೆಗೆ ಸಲ್ಲದು, ಕರಗಿಸಬೇಕು. ನಮ್ಮ ಮನೆಯವರು ಮುಂಜಾನೆ ಒಳ್ಳೆಯ ಗಳಿಗೆ ನೋಡಿ ಬಲಗಣ್ಣು ತೆರೆದರು. ಕೊನೆಯ ಗೆರೆ ಮುಗಿಯುತ್ತಲೇ ಉಳಿಯ ತುದಿ ಚಟ್ಟನೆ ಹಾರಿತು. ಗಾಬರಿಯೇನೂ ಆಗಲಿಲ್ಲ. ಕಣ್ಣಿಗೆಂದೇ ಮಾಡಿದ ಇನ್ನೊಂದು ಉಳಿಯನ್ನು ಅಜ್ಜ ಹೋದ ಸಲ ಬಂದಾಗಲೇ ಕೊಟ್ಟಿದ್ದರು. ಅವತ್ತು ಅಮಾವಾಸ್ಯೆಯೆಂದು ಹದ ಮಾತ್ರ ಕೊಟ್ಟಿರಲಿಲ್ಲ, ಈ ಸಲ ಕೊಡುತ್ತೇನೆಂದಿದ್ದರು. ಹೇಗೂ ಬರುತ್ತಿದ್ದಾರಲ್ಲ ಎಂದು ನಾವು ನಿಶ್ಚಿಂತೆಯಿಂದ ಇದ್ದೆವು. ಆ ಹೊತ್ತಿಗೇ ಫೋನು ಬಂದದ್ದು.

ನಮ್ಮ ಮನೆಯವರು ಸುದ್ದಿ ಕೇಳಿ ಗೋಡೆಗೆ ಒರಗಿ ನಿಂತುಬಿಟ್ಟರು. "ಕಣ್ಣಿನ ಉಳಿ ಬ್ಯಾರೆ ಯಾರ ಹತ್ರನೂ ಇಲ್ಲ. ನಾ ಹದ ಕೊಡಾಕ ಹೋದ್ರ ಇರೋದೂ ಕೆಡ್ತೈತಿ. ಅಜ್ಜನ ಮಗ ನೋಡಿದ್ರ ತೋರಣಗಲ್ಲಿನ ಫ್ಯಾಕ್ಟರಿ ಸೇರ್ಯಾನ, ಸುತ್ತಿಗಿ ಹಿಡಿದವನಲ್ಲ" ಎಂದರು. ಬೆಳ್ಳಿ ಮುಖದ ಕಡೆ ನೋಡಿ, "ಕಣ್ಣು ಬಿಟ್ಟು ಹ್ಯಾಂಗ ಹೋಗಲಿ, ಅಜ್ಜನ ಮುಖ ನೋಡದ ಹ್ಯಾಂಗ ಇರಲಿ" ಎಂದರು.

"ಹೋಗಿ ಬರ್ರಿ. ಮಣ್ಣಿಗೆ ಹೋಗೋದು ತಪ್ಪಿಸಬಾರ್ದು. ಇಲ್ಲಿದು ದೇವಿ ನೋಡಿಕೊಂತಾಳ" ಎಂದೆ. ಧೈರ್ಯದಿಂದ ಆಡಿದ ಮಾತಲ್ಲ ಅದು, ಬೇರೇನೂ ತೋಚಲಿಲ್ಲ. ಅವರು ಗಾಡಿ ಹತ್ತಿ ಕಂಪ್ಲಿಗೆ ಹೋದರು.

ಮಧ್ಯಾಹ್ನ ಹನುಮಕ್ಕ ಫೋನು ಮಾಡಿದಳು. "ಆತೇನಕ್ಕಾ? ಜೀಪು ಗೊತ್ತು ಮಾಡೀವಿ. ನಮ್ಮವ್ವನ್ನ ಮತ್ತ ಮೆಳ್ಳಗಣ್ಣು ಮಾಡಿ ಕೊಟ್ಟೀರಿ!" ಎಂದು ನಕ್ಕಳು. ಮಗು ಹೋದ ಮೇಲೆ ಅವಳು ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಸಂಜಿಗೆ ಬರ್ರಿ" ಎಂದಷ್ಟೇ ಹೇಳಿ ಇಟ್ಟೆ.

ಮುಖದ ಮೇಲೆ ಅರಿಸಿನದ ಬಟ್ಟೆ ಹೊದಿಸಿ, ಹಿತ್ತಲಿಗೆ ಬಂದು ಕಟ್ಟೆಯ ಮೇಲೆ ಕೂತೆ. ಅಜ್ಜನಿಗೆಂದು ಹೊತ್ತಿಸಿದ್ದ ಒಲೆಯನ್ನು ಆರಿಸಲು ಮನಸ್ಸಾಗದೆ ಬೂದಿ ಮುಚ್ಚಿದ್ದೆ. ಹದವಿಲ್ಲದ ಆ ಉಳಿ ಅಲ್ಲೇ ಎಣ್ಣೆ ಬಟ್ಟಲ ಪಕ್ಕದಲ್ಲಿತ್ತು. ತುಳಸಿ ಎಲೆಗಳ ಮೇಲೆ ಕೆಂಪು ಧೂಳು ಕೂತಿತ್ತು. ದೂರದ ರಸ್ತೆಯಲ್ಲಿ ಲಾರಿಗಳ ಸದ್ದು ಒಂದೇ ಸಮನೆ ಜೋಗುಳದ ಹಾಗೆ ಕೇಳುತ್ತಿತ್ತು. ಕಣ್ಣು ಮುಚ್ಚಿದೆನೋ, ತೆರೆದೇ ಇದ್ದೆನೋ, ಇವತ್ತಿಗೂ ಹೇಳಲಾರೆ.

"ಊದಮ್ಮಾ" ಎಂಬ ಮಾತು ಕೇಳಿತು. ಬೆಚ್ಚಲಿಲ್ಲ ನಾನು. ಅದೇ ನನಗೆ ಈಗಲೂ ಆಶ್ಚರ್ಯ. ಬಂದರಲ್ಲ, ಬಸ್ಸು ತಡವಾಗಿರಬೇಕು ಅಂದುಕೊಂಡೆ. ಅಜ್ಜನ ಮುಖ ನೋಡಿದ ನೆನಪಿಲ್ಲ. ಬೂದಿ ಸರಿದು ಕೆಂಡ ಅರಳಿದ್ದು ನೆನಪಿದೆ. ಬಿಸಿ ಎಣ್ಣೆಯ ವಾಸನೆ ನೆನಪಿದೆ. ಎಲ್ಲವೂ ಹೊಳೆಯ ನೀರಿನೊಳಗಿಂದ ನೋಡಿದ ಹಾಗೆ ನಿಧಾನವಾಗಿ ತೂಗುತ್ತಿತ್ತು. ಆಮೇಲೆ ಉಳಿಯ ತುದಿಗೆ ಆ ಬಣ್ಣ ಬಂತು. ಓಡಿ ಬರಲಿಲ್ಲ, ಮಾಗಿದ ಹೊಲದ ಮೇಲೆ ಇಳಿಬಿಸಿಲು ಹಬ್ಬುವಂತೆ ಮೆಲ್ಲಗೆ ಬಂದು, ನಾನು ಕಣ್ತುಂಬ ನೋಡುವವರೆಗೆ ನಿಂತಿತು.

"ಕಂಡ್ತೇನಮ್ಮಾ?"

"ಕಂಡ್ತು ಅಜ್ಜಾ."

"ಹಂಗಾರ ಆತು ಬಿಡು."

ಗಾಡಿಯ ಸದ್ದಿಗೆ ಎಚ್ಚರವಾಯಿತು. ನಾನು ಕಟ್ಟೆಯ ಮೇಲೆಯೇ ಇದ್ದೆ, ಬಿಸಿಲು ಗೋಡೆಯೇರಿತ್ತು. ನಮ್ಮ ಮನೆಯವರು ಮಣ್ಣು ಕೊಟ್ಟು ಬಂದವರು ಒಳಗೆ ಕಾಲಿಡದೆ ಹಿತ್ತಲ ಬಾಗಿಲಲ್ಲಿ ನಿಂತು ಸ್ನಾನಕ್ಕೆ ನೀರು ಕೇಳಿದರು. ನೀರು ಕೊಡಲು ಎದ್ದಾಗ ನೋಡಿದೆ. ಜೋಳದ ಸೇರಿನಲ್ಲಿ ಆ ಉಳಿ ತುದಿ ಮೇಲಾಗಿ ನಿಂತಿತ್ತು.

ಸ್ನಾನ ಮಾಡಿ ಬಂದವರು ಅದನ್ನೆತ್ತಿ ಉಗುರ ಮೇಲೆ ಊರಿದರು. ಕಚ್ಚಿತು. "ಯಾರು ಬಂದಿದ್ರು?" ಎಂದರು. ನಾನು ಮುಖದ ಮೇಲಿನ ಅರಿಸಿನದ ಬಟ್ಟೆ ತೆಗೆದೆ. ಹೊತ್ತು ಇಳಿಯುತ್ತಿತ್ತು. ಮುಖವನ್ನು ತೊಡೆಯ ಮೇಲಿಟ್ಟುಕೊಂಡು ಎಡಗಣ್ಣು ಶುರು ಮಾಡಿದರು. ಬೆಳ್ಳಿ ಬೆಣ್ಣೆಯಂತೆ ಬಿಟ್ಟುಕೊಟ್ಟಿತು. ಕೊನೆಯ ಗೆರೆಯವರೆಗೂ ತುದಿ ಮುರಿಯಲಿಲ್ಲ, ಬಾಗಲಿಲ್ಲ.

ದೀಪದ ಹೊತ್ತಿಗೆ ಮುಂಚೆಯೇ ಹನುಮಕ್ಕ ಬಂದಳು. ದೇವಿಯನ್ನು ಎದೆಗೆ ಹಿಡಿದುಕೊಂಡು ಬಹಳ ಹೊತ್ತು ಆ ಕಣ್ಣುಗಳನ್ನೇ ನೋಡಿ, "ನೋಡಾಕತ್ಯಾಳ" ಎಂದಳು.

ಇದನ್ನು ನಾನೇ ಮಾಡಿರಬಹುದು ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ನೋಡಿ ನೋಡಿ ಕೈಗೆ ಬಂದಿದ್ದನ್ನು ಮಂಪರಿನಲ್ಲಿ ಮಾಡಿದೆನೇನೋ. ಅವತ್ತು ನನ್ನ ಎಡ ಹೆಬ್ಬೆರಳಿನ ಉಗುರ ಮೇಲೂ ಕೂದಲೆಳೆಯಷ್ಟು ಸಣ್ಣ ಗೀರಿತ್ತು. ಆದರೆ ಬೆಳಿಗ್ಗೆ ಅದೇ ಕೈಯಲ್ಲಿ ಕಾಯಿ ತುರಿದಿದ್ದೆ, ಅದರದೂ ಇರಬಹುದು. ಆಮೇಲೆ ಹಳೆಯ ಉಳಿಯೊಂದನ್ನು ಹಿಡಿದು ಹದ ಕೊಡಲು ಕೂತು ನೋಡಿದೆ. ಬಣ್ಣ ಕಾಣಲೇ ಇಲ್ಲ, ತುದಿ ಕರ್ರಗಾಯಿತು. ಸಾಯುವ ಮುಂಚೆ ಅಜ್ಜ "ಬಸ್ಸು ಬಂತೇನು?" ಎಂದು ಎರಡು ಸಲ ಕೇಳಿದರಂತೆ, ಸೊಸೆ ಹೇಳಿದಳು. ಇದಕ್ಕೂ ಅದಕ್ಕೂ ಸಂಬಂಧವಿದೆ ಎನ್ನಲಾರೆ, ಇಲ್ಲ ಎನ್ನಲೂ ಬಾಯಿ ಬರುವುದಿಲ್ಲ. ಉಗುರು ಬೆಳೆಯುತ್ತ ಗೀರು ತುದಿಗೆ ಸರಿಯಿತು. ಒಂದು ದಿನ ಕತ್ತರಿಸುವಾಗ ಅದೂ ಹೋಯಿತು. ಕಂಡಷ್ಟು ದಿನ ಕಂಡಿತಲ್ಲ, ಅಷ್ಟೇ ಸಾಕು ಎಂದುಕೊಂಡೆ.

ಅವತ್ತು ಸಂಜೆ ಜೀಪು ಹೋದ ಮೇಲೆ ದೀಪ ಹಚ್ಚಿ ಹಿತ್ತಲಿಗೆ ಬಂದೆ. ಒಲೆ ತಣ್ಣಗಾಗಿತ್ತು. ಅರ್ಧಕ್ಕೆ ಬಿಟ್ಟ ಮೊರ ಹಾಗೇ ಇತ್ತು. ಮರುದಿನ ಬೆಳಗಿನ ರೊಟ್ಟಿಗೆ ಹಿಟ್ಟಿರಲಿಲ್ಲ. ಸೇರಿನಲ್ಲಿದ್ದ ಜೋಳವನ್ನೂ ಮೊರಕ್ಕೆ ಸುರಿದುಕೊಂಡು, ಗಿರಣಿ ಮುಚ್ಚುವುದರೊಳಗೆ ಮುಗಿಯಲೆಂದು, ಹಸನು ಮಾಡುತ್ತ ಕೂತೆ.