ಹಗಲು ಹೊತ್ತಿನ ಲಾಟೀನು

ನಮ್ಮ ಮನೆಯ ಗೇಟಿನಿಂದ ಜಗಲಿಯವರೆಗೆ ಕಲ್ಲು ಹಾಸಿದವನು ನಾನೇ. ಯಾರಾದರೂ ಅದನ್ನು ಮೆಚ್ಚಿದರೆ ಈಗ ಮಾತು ಬದಲಾಯಿಸುತ್ತೇನೆ. ಮೊದಲು ಹಾಗಿರಲಿಲ್ಲ. ನನ್ನ ಕೆಲಸ ಹೊಗಳುವುದಕ್ಕೆ ಬೇರೆಯವರು ಬೇಕೇ ಇರಲಿಲ್ಲ, ನಾನೊಬ್ಬನೇ ಸಾಕಾಗಿದ್ದೆ.

ಎಂಬತ್ತರ ದಶಕದ ಆರಂಭ. ಹೊಸೂರಿನ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ನಾನು ಫಿಟ್ಟರ್. ಮಂಗಳೂರು ಕಡೆಯಿಂದ ಬಂದ ನಾವು ಗಂಡ ಹೆಂಡತಿ ಅವಲಪಲ್ಲಿಯ ಅಂಚಿನಲ್ಲಿ ಸೈಟು ಕೊಂಡು ಎರಡು ಕೋಣೆಯ ಮನೆ ಕಟ್ಟಿಕೊಂಡಿದ್ದೆವು. ಸೈಟು ಮಾರಿದ ರೈತರ ಮನೆ ಬೇಲಿಯಾಚೆಯೇ ಇತ್ತು. ಆ ಮನೆಯ ಅಜ್ಜಿ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತ ದಿನವಿಡೀ ನಮ್ಮ ಕಡೆಗೇ ನೋಡುತ್ತಿದ್ದಳು. ಮಾರಿದ ಜಾಗದ ಮೇಲಿನ ಆಸೆ ಇನ್ನೂ ಹೋಗಿಲ್ಲ ಎಂದು ನಾನು ಹೆಂಡತಿಗೆ ಹೇಳಿ ನಗುತ್ತಿದ್ದೆ.

ಮಳೆ ಬಂದರೆ ಗೇಟಿನೊಳಗಿನ ಕೆಮ್ಮಣ್ಣು ಸ್ಕೂಟರಿನ ಚಕ್ರ ಹಿಡಿದರೆ ಬಿಡುತ್ತಿರಲಿಲ್ಲ. ಎರಡು ಸಲ ಹೆಂಡತಿಯ ಸಮೇತ ಬಿದ್ದ ಮೇಲೆ ಕೃಷ್ಣಗಿರಿ ರಸ್ತೆಯ ಕಲ್ಲುಕುಟಿಗರಿಂದ ಇಟ್ಟಿಗೆ ಗಾತ್ರಕ್ಕೆ ಒಡೆದ ಕಲ್ಲು ಒಂದು ಟ್ರಾಕ್ಟರ್ ತರಿಸಿದೆ. ಮೇಸ್ತ್ರಿ ಬೇಡವೆಂದೆ. ಕಬ್ಬಿಣದಲ್ಲಿ ಕೂದಲೆಳೆಯ ವ್ಯತ್ಯಾಸ ಹಿಡಿಯುವವನಿಗೆ ಕಲ್ಲು ಜೋಡಿಸುವುದೇನು ಮಹಾ ಕೆಲಸ?

ದಾರ ಕಟ್ಟಿ, ಮೊಳದಾಳ ಮಣ್ಣು ತೆಗೆದು, ಜಲ್ಲಿ ಹಾಕಿ ದಿಮ್ಮಸು ಹೊಡೆದು, ಮೇಲೆ ಮರಳು ಹರಡಿ ಕಲ್ಲು ಕೂರಿಸಬೇಕು. ಪ್ರತಿ ಸಾಲಿಗೂ ರಸಮಟ್ಟ ಇಟ್ಟು ನೋಡುತ್ತಿದ್ದೆ. ಗಾಜಿನ ನಳಿಗೆಯೊಳಗಿನ ಗುಳ್ಳೆ ಮನೆಯ ಕಡೆಗೆ ಒಂದೇ ಒಂದು ಗೆರೆ ಸರಿದಿರಬೇಕು. ಅಷ್ಟು ವಾಟವಿದ್ದರೆ ಮಳೆನೀರು ಗೇಟಿನ ಕಡೆ ಹರಿದುಹೋಗುತ್ತದೆ. ಅದು ಕಾರ್ಖಾನೆಯ ರಸಮಟ್ಟ. ಶನಿವಾರ ಗೇಟ್ ಪಾಸ್ ಬರೆಸಿ ತಂದರೆ ಸೋಮವಾರ ಬೆಳಗ್ಗೆ ಒಪ್ಪಿಸಬೇಕು.

ಎರಡನೆಯ ಭಾನುವಾರ ಅಜ್ಜಿ ಬೇಲಿಯ ಹತ್ತಿರ ಬಂದಳು.

“ಸಾಮಿ, ಈ ಕಡೀಕೆ ಅಗೀಬ್ಯಾಡಿ. ಇದು ನಮ್ ಕಣ ಇದ್ದ ಜಾಗ.”

“ಈಗ ನಮ್ಮ ಹೆಸರಿಗೆ ರಿಜಿಸ್ಟ್ರಿ ಆಗಿದೆಯಲ್ಲ ಅಜ್ಜಿ.”

“ಅದ್ಕಲ್ಲ ಸಾಮಿ…” ಎಂದವಳು ನಾನು ಬೆನ್ನು ತಿರುಗಿಸಿದ್ದು ನೋಡಿ ತನ್ನ ಜಗಲಿಗೆ ಮರಳಿದಳು. ಏನು ಹೇಳಲು ಬಂದಿದ್ದಳೆಂದು ಕೇಳುವ ವ್ಯವಧಾನ ನನಗಿರಲಿಲ್ಲ.

ಮೂರನೆಯ ಭಾನುವಾರ ಅದೇ ಜಾಗದಲ್ಲಿ ಮಣ್ಣಿನಡಿ ಒಂದು ಚಪ್ಪಡಿ ಸಿಕ್ಕಿತು. ಇದು ಇದ್ದಂತೆಯೇ ಮಟ್ಟವಾಗಿದ್ದರೆ ಜಲ್ಲಿಯ ಕೆಲಸ ಉಳಿಯಿತು ಅಂದುಕೊಂಡು ಅದರ ಮೇಲೆ ರಸಮಟ್ಟ ಇಟ್ಟೆ. ಪಕ್ಕದ ಮಣ್ಣು ಬಿಡಿಸಲು ಹಾರೆಯಿಂದ ಒಂದು ಏಟು ಹಾಕಿದ್ದೇ ತಡ, ಚಪ್ಪಡಿ ನಡುವೆ ಮುರಿದು ರಸಮಟ್ಟದ ಜೊತೆ ಒಳಗೆ ಹೋಯಿತು. ನನ್ನ ಕಾಲಿನಿಂದ ಒಂದು ಅಡಿ ದೂರದಲ್ಲಿ ಮೊರದಗಲದ ಕತ್ತಲೆ ಬಾಯಿಬಿಟ್ಟಿತ್ತು. ಹಾರೆ ಬಿಟ್ಟು ಹಿಂದಕ್ಕೆ ಹಾರಿದೆ.

ಹೆದರಿಕೆ ಇಳಿದ ಮೇಲೆ ಬುದ್ಧಿವಂತಿಕೆ ಬಂತು. ಕ್ಷೌರದ ಕನ್ನಡಿ ತಂದು ಕಲ್ಲಿನ ರಾಶಿಗೆ ಒರಗಿಸಿ, ಬಿಸಿಲನ್ನು ಗುಂಡಿಯೊಳಕ್ಕೆ ತಿರುಗಿಸಿದೆ. ಒಳಗೆಲ್ಲ ಹಗಲಿನಷ್ಟು ಬೆಳಕು. ಎರಡಾಳು ಆಳ, ಗುಡಾಣದ ಹಾಗೆ ಕೆಳಗೆ ಅಗಲ, ತಳದಲ್ಲಿ ಏನೋ ಕಪ್ಪು ರಾಶಿ. ಅದರ ಮೇಲೆ ರಸಮಟ್ಟ ಮಿನುಗುತ್ತಿತ್ತು. ಟೂಲ್ ರೂಮಿನ ಯಾವ ಗಂಡಸಿಗೂ ಹೊಳೆಯದ ಉಪಾಯ ಎಂದು ಬೀಗಿದೆ.

ಆ ಬಾಯಲ್ಲಿ ನನ್ನ ಭುಜ ಹಿಡಿಸುತ್ತಿರಲಿಲ್ಲ. ಹೆಂಡತಿ ಸಣಕಲು. “ನಾನೇ ಇಳಿತೇನೆ, ನಿಮ್ಮ ಸೋಮವಾರದ ಗೋಳು ಕೇಳ್ಲಿಕ್ಕೆ ಆಗೂದಿಲ್ಲ” ಅಂದಳು. ಸೊಂಟಕ್ಕೆ ಹಗ್ಗ ಕಟ್ಟಿದವನು ನಾನು. ಗಂಟನ್ನು ಎರಡು ಸಲ ಎಳೆದು ಪರೀಕ್ಷೆ ಮಾಡಿದವನೂ ನಾನೇ. ಹಗ್ಗವನ್ನು ಗೇಟಿನ ಕಂಬಕ್ಕೆ ಒಂದು ಸುತ್ತು ಹಾಕಿ ಮೆಲ್ಲಗೆ ಬಿಟ್ಟೆ. ಎದೆಯವರೆಗೆ ಇಳಿದಳು.

“ಎಂತದೋ ಹುಳಿ ವಾಸನೆ ಬರ್ತದೆ” ಅಂದಳು.

“ಮೂಗು ಮುಚ್ಚಿಕೋ ಮಹಾರಾಣಿ” ಎಂದು ನಕ್ಕು ಇನ್ನೊಂದು ಗೇಣು ಬಿಟ್ಟೆ. ನೆಲದ ಮೇಲೆ ಅವಳ ತಲೆಯೂ ಎರಡು ಕೈಯೂ ಮಾತ್ರ ಉಳಿದವು.

ಬೇಲಿ ಮುರಿದ ಸದ್ದಾಯಿತು. ಅಜ್ಜಿ ಮಡಿಲಿನ ಅವರೆಕಾಯಿ ಚೆಲ್ಲುತ್ತ ಬಂದು ನೆಲಕ್ಕೆ ಬಿದ್ದು ನನ್ನ ಹೆಂಡತಿಯ ಜಡೆಯನ್ನೂ ರಟ್ಟೆಯನ್ನೂ ಹಿಡಿದಳು. “ಹಗ್ಗ ಎಳೀಲಾ” ಅಂದಳು. ಕೂಗಲಿಲ್ಲ. ಅದುವರೆಗೆ ಸಾಮಿ ಆಗಿದ್ದವನು ‘ಲಾ’ ಆದದ್ದಕ್ಕೆ ನನಗೆ ಸಿಟ್ಟು ಬಂತು. ಕೈ ಮಾತ್ರ ಎಳೆಯಿತು.

ಹೆಂಡತಿ ಮೇಲೆ ಬಂದು ತಲೆ ಹಿಡಿದುಕೊಂಡು ಕೂತಳು. ಅಜ್ಜಿ ಮನೆಗೆ ಹೋಗಿ ಲಾಟೀನು ಹಚ್ಚಿಕೊಂಡು ಬಂದಳು. ಬೆಳಗಿನ ಹನ್ನೊಂದು ಗಂಟೆ, ನೆತ್ತಿ ಸುಡುವ ಬಿಸಿಲು.

“ಹಗಲಲ್ಲಿ ಲಾಟೀನು ಯಾಕಜ್ಜಿ? ಕನ್ನಡಿಯಲ್ಲಿ ಎಲ್ಲ ಕಾಣುತ್ತದಲ್ಲ.”

“ಬೆಳಕಿಗಲ್ಲ ಕಣಪ್ಪ.”

ಲಾಟೀನಿಗೆ ತಾನೇ ತಂದ ಹಗ್ಗ ಕಟ್ಟಿ ಇಳಿಸಿದಳು. ಒಂದು ಮೊಳ ಹೋಗುವಷ್ಟರಲ್ಲಿ ಉರಿ ಸಣ್ಣದಾಯಿತು. ಇನ್ನೊಂದು ಗೇಣು ಇಳಿಯಿತು, ಆರಿತು. ಗಾಳಿ ಬೀಸಿರಲಿಲ್ಲ, ಗಾಜು ಒಡೆದಿರಲಿಲ್ಲ. ಮೇಲೆತ್ತಿ ಮತ್ತೆ ಹಚ್ಚಿ ಇಳಿಸಿದಳು. ಅದೇ ಮಟ್ಟದಲ್ಲಿ ಮತ್ತೆ ಆರಿತು. ಕನ್ನಡಿಯ ಬಿಸಿಲು ಮಾತ್ರ ತಳದ ರಸಮಟ್ಟದ ಮೇಲೆ ಹಾಗೇ ಹೊಳೆಯುತ್ತಿತ್ತು. ಇನ್ನೆರಡು ಮೊಳ ಹಗ್ಗ ಬಿಟ್ಟಿದ್ದರೆ ಆ ಲಾಟೀನಿನ ಜಾಗದಲ್ಲಿ ಇರುತ್ತಿದ್ದದ್ದು ಅವಳ ಮುಖ.

“ಇದು ಹಗೇವು” ಅಂದಳು ಅಜ್ಜಿ. ಕಣದ ರಾಗಿಯನ್ನು ವರ್ಷಗಟ್ಟಲೆ ತುಂಬಿಡುವ ನೆಲದೊಳಗಿನ ಕಣಜ. ಅನ್ನ ಉಣ್ಣುವ ಸೀಮೆಯಿಂದ ಬಂದ ನಾನು ಅದರ ಹೆಸರನ್ನೂ ಕೇಳಿರಲಿಲ್ಲ. “ರಾಗಿ ಕೊಳೆತ್ರೆ ಒಳಗೆ ಗಾಳಿ ಕೆಡ್ತದೆ. ದೀಪ ನಿಂತ್ರೆ ಮಾತ್ರ ಇಳೀಬೇಕು. ನಮ್ ಯಜಮಾನ್ರು ಒಂದು ದಪ ದೀಪ ಬಿಡ್ದೆ ಇಳಿದ್ರು. ಆಮೇಕೆ ಈ ರಾಗಿ ಯಾರೂ ಮುಟ್ನಿಲ್ಲ. ಚಪ್ಪಡಿ ಎಳೆದು ಮಣ್ಣು ಮುಚ್ಚುಬುಟ್ರು.”

ಆರಿದ ಲಾಟೀನನ್ನು ಮೇಲೆಳೆದುಕೊಂಡು ಹೇಳಿದಳು: “ಹಗ್ಗ ಹಿಡ್ಕೊಂಡಿದ್ದೋಳು ನಾನೇಯಾ.”

ನಾನು ಆಗ ನನ್ನ ಕೈ ನೋಡಿಕೊಂಡೆ. ಹೆಂಡತಿಯ ಸೊಂಟದ ಹಗ್ಗವನ್ನು ಇನ್ನೂ ಬಿಟ್ಟಿರಲಿಲ್ಲ.

ರಸಮಟ್ಟ ಅಲ್ಲೇ ಇದೆ. ಕಾರ್ಖಾನೆಯಲ್ಲಿ ಮೆಮೊ ಕೊಟ್ಟರು, ಸಹಿ ಹಾಕಿ ತೆಗೆದುಕೊಂಡೆ. ಹಗೇವಿಗೆ ಮಣ್ಣು ತುಂಬಿ, ಅದು ಕೂರಲೆಂದು ಒಂದು ಮಳೆಗಾಲ ಕಾದು, ಉಳಿದ ಕಲ್ಲುಗಳನ್ನು ಕಣ್ಣಳತೆಯಲ್ಲೇ ಹಾಸಿದೆ. ಅಲ್ಲಿ ಈಗಲೂ ಸ್ವಲ್ಪ ತಗ್ಗು. ಮಳೆ ಬಂದರೆ ನೀರು ನಿಲ್ಲುತ್ತದೆ.

ಕೊನೆಯ ಸಾಲಿಗೆ ಹೆಂಡತಿಯೇ ಕಲ್ಲು ಎತ್ತಿ ಕೊಡುತ್ತಿದ್ದಳು. ಆ ಭಾನುವಾರದ ಬಗ್ಗೆ ಅಷ್ಟು ತಿಂಗಳು ಅವಳು ಒಂದು ಮಾತೂ ಆಡಿರಲಿಲ್ಲ. ಮರೆತಿದ್ದಾಳೆ ಅಂದುಕೊಂಡಿದ್ದೆ.

“ಹುಳಿ ವಾಸನೆ ಬರ್ತದೆ ಅಂತ ನಾನು ಹೇಳಿದ್ದೆ” ಅಂದಳು. “ನೀವು ನಗಾಡಿದ್ರಿ.”

ನಾನು ತಲೆ ಎತ್ತದೆ ಮುಂದಿನ ಕಲ್ಲಿಗೆ ಕೈ ಚಾಚಿದೆ. ಅವಳು ಅದನ್ನು ಕೈಗೆ ಕೊಡಲಿಲ್ಲ. ನೆಲದ ಮೇಲಿಟ್ಟು ಒಳಗೆ ಹೋದಳು.